ಚೌಕಟ್ಟೇ ರಂಗವಾದ ಕಥೆ: ಜಿಮ್ ಹೆನ್ಸನ್ನರ ಗೊಂಬೆಗಳು

ಟೆಲಿವಿಷನ್ ಬಂದ ಮೊದಲ ವರ್ಷಗಳಲ್ಲಿ ಅಮೆರಿಕದ ಬಹುಪಾಲು ಗೊಂಬೆಯಾಟಗಾರರು ತಮ್ಮ ಹಳೆಯ ರಂಗವನ್ನೇ ಸ್ಟುಡಿಯೊದೊಳಕ್ಕೆ ಹೊತ್ತು ತಂದಿದ್ದರು. ಮರದ ಚೌಕಟ್ಟು, ಅದಕ್ಕೊಂದು ತೆರೆ, ತೆರೆಯ ಹಿಂದೆ ಅವಿತು ನಿಂತ ಆಟಗಾರ, ಮೇಲಂಚಿನಲ್ಲಿ ತಲೆಯಾಡಿಸುವ ಗೊಂಬೆ, ಇಷ್ಟನ್ನೂ ಕ್ಯಾಮೆರಾ ಸಭಿಕನಂತೆ ಎದುರಿಗೆ ನಿಂತು ನೋಡುತ್ತಿತ್ತು. ಆ ಮರದ ಚೌಕಟ್ಟನ್ನು ತೆಗೆದುಹಾಕಿ, ನೋಡುವವರ ಮನೆಯಲ್ಲಿರುವ ಟಿ.ವಿ. ಪೆಟ್ಟಿಗೆಯ ಅಂಚುಗಳೇ ಗೊಂಬೆಗೆ ರಂಗವಾದರೆ ಸಾಕೆಂದು ಬಗೆದು, ಆ ಬಗೆಯನ್ನು ಮೂವತ್ತೈದು ವರ್ಷಗಳ ಕಾಲ ನಗೆಯಾಟಗಳಲ್ಲಿ ದುಡಿಸಿಕೊಂಡವರು ಜಿಮ್ ಹೆನ್ಸನ್ (1936–1990). ಮಕ್ಕಳ ಕಲಿಕೆಗೆ ನೆರವಾದವರೆಂದೇ ಅವರನ್ನು ಜಗತ್ತು ಹೆಚ್ಚಾಗಿ ನೆನೆಯುತ್ತದೆಯಾದರೂ, ಅವರು ಮೊದಲಿನಿಂದ ಕೊನೆಯವರೆಗೂ ಮನರಂಜನೆಯ ಉದ್ಯಮದಲ್ಲಿ ಬದುಕಿದ ವಿನೋದಗಾರರು. ಗೊಂಬೆಯಾಟ ದೊಡ್ಡವರ ಕಲೆಯೂ ಹೌದೆಂದು ಸಾಧಿಸಲು ಹೆಣಗಿದವರು. ಆ ಹೆಣಗಾಟವನ್ನು ಬಿಟ್ಟು ಅವರ ವೃತ್ತಿಜೀವನವನ್ನು ಅರ್ಥಮಾಡಿಕೊಳ್ಳಲಾಗದು.

ಹೆನ್ಸನ್ ಹುಟ್ಟಿದ್ದು 1936ರ ಸೆಪ್ಟೆಂಬರ್ 24ರಂದು, ಅಮೆರಿಕದ ದಕ್ಷಿಣ ಭಾಗದ ಮಿಸಿಸಿಪಿ ರಾಜ್ಯದ ಗ್ರೀನ್‌ವಿಲ್ ಎಂಬ ಊರಿನಲ್ಲಿ. ತಂದೆ ಕೇಂದ್ರ ಸರ್ಕಾರದ ಕೃಷಿ ಇಲಾಖೆಯ ನೌಕರರಾಗಿದ್ದುದರಿಂದ ಸಮೀಪದ ಲೀಲೆಂಡ್‌ನಲ್ಲಿ ಬಾಲ್ಯ ಕಳೆಯಿತು. 1940ರ ದಶಕದ ಕೊನೆಯಲ್ಲಿ ಕುಟುಂಬ ರಾಜಧಾನಿ ವಾಷಿಂಗ್ಟನ್ ಪಕ್ಕದ ಮೇರಿಲೆಂಡ್ ರಾಜ್ಯಕ್ಕೆ ಬಂದು ನೆಲಸಿತು. ಹೊಲಿಗೆ ಮತ್ತು ಚಿತ್ರಕಲೆಯಲ್ಲಿ ನುರಿತಿದ್ದ ಅಜ್ಜಿ ಮನೆಯಲ್ಲಿದ್ದುದು, ಹುಡುಗನ ಒತ್ತಾಯಕ್ಕೆ ಮಣಿದು ತಂದೆ ಟಿ.ವಿ. ಪೆಟ್ಟಿಗೆಯೊಂದನ್ನು ಕೊಂಡುತಂದದ್ದು, ಇವೆರಡೂ ಮುಂದಿನ ದಾರಿಯನ್ನು ತೆರೆದವು. ರೇಡಿಯೊದಲ್ಲಿ ಎಡ್ಗರ್ ಬರ್ಗನ್ ಎಂಬ ಕಲಾವಿದರು ಚಾರ್ಲಿ ಮೆಕಾರ್ತಿ ಎಂಬ ಮರದ ಗೊಂಬೆಯೊಡನೆ ನಡೆಸುತ್ತಿದ್ದ ಜಗಳಗಳನ್ನು ಅವರು ಆಸೆಯಿಂದ ಕೇಳುತ್ತಿದ್ದರು. ತನ್ನ ತುಟಿ ಅಲುಗದಂತೆ ಗೊಂಬೆಯೇ ಮಾತಾಡಿದ ಹಾಗೆ ಕೇಳಿಸುವ ಈ ಕಲೆ ಕಾಣದ ಮಾಧ್ಯಮವಾದ ರೇಡಿಯೊದಲ್ಲಿಯೂ ಗೆದ್ದಿತೆಂದರೆ, ಗೆಲುವಿಗೆ ಕಾರಣ ತುಟಿಯ ಚಮತ್ಕಾರವಾಗಿರದೆ ಪಾತ್ರದ ಸ್ವಭಾವವೇ ಆಗಿದ್ದಿರಬೇಕು. ಟಿ.ವಿ.ಯಲ್ಲಿ ಅವರನ್ನು ಸೆಳೆದವರು ಬರ್ ಟಿಲ್‌ಸ್ಟ್ರಾಮ್ ಮತ್ತು ಬಿಲ್ ಬೇರ್ಡ್. ಇವರಿಬ್ಬರೂ ಗೊಂಬೆಗಳಿಂದಲೇ ಹೆಸರು ಗಳಿಸಿದ್ದ ಹಿರಿಯರು.

ಇಷ್ಟಾದರೂ ಹೆನ್ಸನ್ ಗೊಂಬೆಯ ಮೋಹದಿಂದ ಗೊಂಬೆಯಾಟಕ್ಕೆ ಬಂದವರಲ್ಲ, ಟಿ.ವಿ.ಯೊಳಗೆ ಕಾಲಿಡಬೇಕೆಂಬ ಆಸೆಯೇ ಅವರನ್ನು ಈ ಕಡೆಗೆ ತಂದಿತು. 1954ರಲ್ಲಿ, ಹೈಸ್ಕೂಲು ಮುಗಿಸುವ ಹೊತ್ತಿಗೆ, ವಾಷಿಂಗ್ಟನ್ನಿನ ಟಿ.ವಿ. ಕೇಂದ್ರವೊಂದಕ್ಕೆ ಎಳೆಯ ಗೊಂಬೆಯಾಟಗಾರರು ಬೇಕಾಗಿದ್ದಾರೆಂದು ತಿಳಿದು, ಗೆಳೆಯನೊಡನೆ ಗೊಂಬೆಗಳನ್ನು ಮಾಡಿಕೊಂಡು ಹೋಗಿ ಕೆಲಸ ಪಡೆದರು. ಆ ಕಾರ್ಯಕ್ರಮ ಬಹುಬೇಗ ನಿಂತುಹೋಯಿತು. ಆದರೆ ಮರುವರ್ಷ, ಮೇರಿಲೆಂಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ, ಮತ್ತೊಂದು ಕೇಂದ್ರ ಅವರಿಗೆ ಐದು ನಿಮಿಷದ ಸ್ವಂತ ಕಾರ್ಯಕ್ರಮವೊಂದನ್ನು ಒಪ್ಪಿಸಿತು. ‘ಸ್ಯಾಮ್ ಆ್ಯಂಡ್ ಫ್ರೆಂಡ್ಸ್’ ಎಂಬ ಹೆಸರಿನ ಅದು 1955ರಿಂದ 1961ರವರೆಗೆ ನಡೆಯಿತು. ಗೊಂಬೆಯಾಟದ ತರಗತಿಯಲ್ಲಿ ಪರಿಚಯವಾದ ಜೇನ್ ನೆಬೆಲ್ ಅದರಲ್ಲಿ ಅವರ ಜೊತೆಗಾತಿ. 1959ರಲ್ಲಿ ಇಬ್ಬರೂ ಮದುವೆಯಾದರು, ಮುಂದೆ ಐದು ಮಕ್ಕಳ ತಂದೆತಾಯಿಯಾದರು. ಹೆನ್ಸನ್ ಪದವಿ ಪಡೆದದ್ದು ಗೃಹವಿಜ್ಞಾನದಲ್ಲಿ ಎಂಬುದು ಇಂದಿನ ಓದುಗರಿಗೆ ವಿಚಿತ್ರವೆನಿಸಬಹುದು. ಹೊಲಿಗೆ, ಬಟ್ಟೆ, ಗೊಂಬೆ ತಯಾರಿಕೆಯ ಪಾಠಗಳೆಲ್ಲ ಆ ವಿಭಾಗದಲ್ಲಿಯೇ ಇದ್ದವು.

ಆ ಕಿರು ಕಾರ್ಯಕ್ರಮಕ್ಕಾಗಿ 1955ರಲ್ಲಿ ಹೆನ್ಸನ್ ತಾಯಿಯ ಹಳೆಯ ಹಸಿರು ಕೋಟಿನ ಬಟ್ಟೆಯನ್ನು ಕತ್ತರಿಸಿ, ಎರಡು ಹೋಳು ಮಾಡಿದ ಪಿಂಗ್‌ಪಾಂಗ್ ಚೆಂಡನ್ನು ಕಣ್ಣಾಗಿ ಹಚ್ಚಿ ಒಂದು ಗೊಂಬೆಯನ್ನು ಹೊಲಿದರು. ಕರ್ಮಿಟ್ ಎಂಬ ಆ ಗೊಂಬೆ ಆಗಿನ್ನೂ ಕಪ್ಪೆಯಾಗಿರಲಿಲ್ಲ. ಹಲ್ಲಿಯಂಥ ಯಾವುದೋ ಒಂದು ಜೀವಿಯಾಗಿತ್ತು. ಕತ್ತಿನ ಸುತ್ತ ಚೂಪು ಮೊನೆಗಳ ಪಟ್ಟಿ, ಜಾಲಪಾದ ಇವೆಲ್ಲ ಬಂದು ಅದು ಕಪ್ಪೆಯೆನಿಸಿಕೊಂಡದ್ದು 1960ರ ದಶಕದಲ್ಲಿ.

ಹೆನ್ಸನ್ನರ ಹೊಸತನ ಎಲ್ಲಿದೆಯೆಂಬುದು ಈ ಗೊಂಬೆಯ ರಚನೆಯಲ್ಲಿಯೇ ಕಾಣುತ್ತದೆ. ತೊಗಲುಗೊಂಬೆ ತೆರೆಯ ಮೇಲೆ ನೆರಳು ಮತ್ತು ಬಣ್ಣವಾಗಿ ಮೂಡುತ್ತದೆ. ಸೂತ್ರದ ಗೊಂಬೆ ಮೇಲಿನಿಂದ ಎಳೆದ ದಾರಕ್ಕೆ ಕುಣಿಯುತ್ತದೆ. ಕೈಗೊಂಬೆಯಾದರೋ ಆಟಗಾರನ ಅಂಗೈಯನ್ನೇ ತನ್ನ ತಲೆಯಾಗಿ ಮಾಡಿಕೊಳ್ಳುತ್ತದೆ. ಆ ಕಾಲದ ಕೈಗೊಂಬೆಗಳಿಗೆ ಮರದ ಅಥವಾ ಅದರಷ್ಟೇ ಗಟ್ಟಿಯಾದ ತಲೆಗಳಿದ್ದವು, ಅವುಗಳ ಮುಖಭಾವ ಕೆತ್ತಿದ ದಿನವೇ ನಿಂತುಹೋಗಿರುತ್ತಿತ್ತು. ದೂರದಲ್ಲಿ ಕುಳಿತ ಸಭಿಕರಿಗೆ ಅದು ಸಾಲುತ್ತಿತ್ತು. ಕ್ಯಾಮೆರಾ ಒಂದು ಗೇಣಿನಷ್ಟು ಹತ್ತಿರಕ್ಕೆ ಬಂದಾಗ ಸಾಲದು. ಹೆನ್ಸನ್ ಮೆತ್ತನೆಯ ಬಟ್ಟೆ ಮತ್ತು ಫೋಮ್ ರಬ್ಬರನ್ನು ಬಳಸಿ, ಒಳಗಿನ ಬೆರಳು ಅಲುಗಿದರೆ ಹೊರಗಿನ ಮುಖವೂ ಅಲುಗುವಂತೆ ಮಾಡಿದರು. ಕರ್ಮಿಟ್‌ನ ತಲೆಯಲ್ಲಿ ನಾಲ್ಕು ಬೆರಳು ಮೇಲ್ದವಡೆಗೆ, ಹೆಬ್ಬೆರಳು ಕೆಳದವಡೆಗೆ. ಮುಷ್ಟಿಯನ್ನು ಸ್ವಲ್ಪ ಬಿಗಿದರೆ ಮುಖ ಕಿವುಚಿ ಬೇಸರ ಕಾಣುತ್ತದೆ, ಬೆರಳ ಗೆಣ್ಣುಗಳನ್ನು ಎತ್ತಿದರೆ ಅಚ್ಚರಿ ಕಾಣುತ್ತದೆ. ಮಾತಾಡಿಸುವಾಗಲೂ ಒಂದು ಕಟ್ಟುನಿಟ್ಟಿದೆ: ಮೇಲ್ದವಡೆಯನ್ನು ಎತ್ತಿದರೆ ಪ್ರತಿ ಮಾತಿಗೂ ತಲೆ ಹಿಂದಕ್ಕೆ ಬಿದ್ದು ಕಣ್ಣು ಆಕಾಶ ನೋಡುವುದರಿಂದ, ಹೆಬ್ಬೆರಳನ್ನು ಮಾತ್ರ ಇಳಿಸಿ ಬಾಯಿ ತೆರೆಯಬೇಕು. ಮನುಷ್ಯ ಮಾತಾಡುವುದೂ ಹಾಗೆಯೇ, ಕೆಳದವಡೆಯಿಂದ.

ಎರಡನೆಯ ಉಪಾಯ ಮಾನಿಟರ್. ಕ್ಯಾಮೆರಾ ಸೆರೆಹಿಡಿಯುತ್ತಿರುವ ಚಿತ್ರವನ್ನು ಆ ಕ್ಷಣದಲ್ಲಿಯೇ ತೋರಿಸುವ ಈ ಚಿಕ್ಕ ಪರದೆಗಳನ್ನು ಆಟಗಾರರ ಕಾಲಬುಡದಲ್ಲಿ ಇಟ್ಟು, ಅವರು ತಲೆಯ ಮೇಲೆ ಎತ್ತಿಹಿಡಿದ ಗೊಂಬೆಯನ್ನು ನೋಡದೆ, ಮನೆಯಲ್ಲಿ ಕುಳಿತವರು ಕಾಣುವ ಚಿತ್ರವನ್ನೇ ನೋಡುತ್ತ ಆಡಿಸುವ ಪದ್ಧತಿಯನ್ನು ಹೆನ್ಸನ್ ಬೆಳೆಸಿದರು. ಇದರಿಂದ ಆಟಗಾರನೇ ತನ್ನ ಆಟದ ಮೊದಲ ಪ್ರೇಕ್ಷಕನಾದ. ಆದರೆ ಮಾನಿಟರಿನ ಚಿತ್ರ ಕನ್ನಡಿಯಂತಲ್ಲ, ಎಡಬಲ ಅದಲುಬದಲಾಗಿ ಕಾಣುತ್ತದೆ. ಗೊಂಬೆಯನ್ನು ಪರದೆಯ ಎಡಕ್ಕೆ ಸರಿಸಬೇಕೆಂದರೆ ಕೈ ತಾನಾಗಿ ತಪ್ಪು ದಿಕ್ಕಿಗೆ ಹೋಗುತ್ತದೆ. ಹೊಸಬರಿಗೆ ಈ ತೊಡಕು ದಾಟಲು ದೀರ್ಘ ಅಭ್ಯಾಸ ಬೇಕಾಗುತ್ತಿತ್ತು. ಬಲಗೈ ತಲೆಯೊಳಗಿರುವುದರಿಂದ ಗೊಂಬೆಯ ಕೈಗಳಿಗೆ ಕಟ್ಟಿದ ತೆಳುವಾದ ತಂತಿಗಳನ್ನು ಎಡಗೈಯಲ್ಲಿ ನಡೆಸಬೇಕು. ಮಪೆಟ್ ಎಂದು ಹೆನ್ಸನ್ ಹೆಸರಿಟ್ಟ ಈ ಗೊಂಬೆಗಳಲ್ಲಿ ಬಹಳಷ್ಟು ಎಡಚರಂತೆ ಕಾಣುವುದು ಇದೇ ಕಾರಣಕ್ಕೆ. ಪಾತ್ರ ಏನನ್ನಾದರೂ ಹಿಡಿಯಬೇಕು, ತಿನ್ನಬೇಕು, ಪಿಯಾನೊ ನುಡಿಸಬೇಕು ಎಂದಾದಾಗ ತಂತಿ ಸಾಲದೆ, ಗೊಂಬೆಯ ತೋಳಿನೊಳಗೆ ಮನುಷ್ಯರ ಕೈಯೇ ತೂರಬೇಕಾಗುತ್ತದೆ, ಆಗ ಒಂದು ಗೊಂಬೆಗೆ ಇಬ್ಬರು ಆಟಗಾರರು. ಮುಂದೆ ಬಂದ ‘ಸ್ವೀಡಿಷ್ ಷೆಫ್’ ಎಂಬ ಬಾಣಸಿಗನ ಪಾತ್ರದಲ್ಲಿ ತಲೆ ಮತ್ತು ದನಿ ಹೆನ್ಸನ್ನರದು, ಮುಚ್ಚುಗೆಯಿಲ್ಲದೆ ಕಾಣುವ ಎರಡು ಬರಿಗೈಗಳು ಫ್ರಾಂಕ್ ಆಜ್ ಅವರವು. ತಲೆ ಒಂದು ಯೋಚಿಸುತ್ತಿರುವಾಗ ಕೈ ಇನ್ನೊಂದು ಮಾಡಿಬಿಡುವುದೇ ಅಲ್ಲಿನ ನಗೆಯ ಮೂಲ.

ನಗೆಗೆ ಬೇಕಾದ ಕಾಲದ ಅಳತೆಯನ್ನು ಹೆನ್ಸನ್ ಕಲಿತದ್ದು ಜಾಹೀರಾತುಗಳಲ್ಲಿ. 1957ರಿಂದ ವಾಷಿಂಗ್ಟನ್ನಿನ ವಿಲ್ಕಿನ್ಸ್ ಎಂಬ ಕಾಫಿ ಕಂಪನಿಗಾಗಿ ಅವರು ಹತ್ತು ಸೆಕೆಂಡುಗಳ ಜಾಹೀರಾತು ಸರಣಿಯನ್ನು ಮಾಡಿದರು. ಅದರಲ್ಲಿ ಇಬ್ಬರು: ಕಾಫಿಯನ್ನು ಹೊಗಳುವ ವಿಲ್ಕಿನ್ಸ್, ಕುಡಿಯಲಾರೆನೆಂದು ಮುಖ ಸಿಂಡರಿಸುವ ವಾಂಟ್ಕಿನ್ಸ್. ಒಲ್ಲೆನೆಂದವನಿಗೆ ಫಿರಂಗಿಯ ಗುಂಡು, ಸ್ಫೋಟ, ತಲೆಯ ಮೇಲೆ ಬೀಳುವ ಭಾರ, ಹೀಗೆ ಪ್ರತಿ ಸಲವೂ ಒಂದೊಂದು ಶಿಕ್ಷೆ. ಹತ್ತು ಸೆಕೆಂಡಿನಲ್ಲಿ ಪಾತ್ರ ಪರಿಚಯ, ಜಗಳ, ಹೊಡೆತ ಮತ್ತು ಸರಕಿನ ಹೆಸರು ಇಷ್ಟೂ ಮುಗಿಯಬೇಕಾದ್ದರಿಂದ ಒಂದು ಅಕ್ಷರವೂ ಹೆಚ್ಚಾಗುವಂತಿರಲಿಲ್ಲ. ಗ್ರಾಹಕನನ್ನು ಓಲೈಸುವ ಜಾಹೀರಾತುಗಳ ಆ ಕಾಲದಲ್ಲಿ ಗ್ರಾಹಕನನ್ನೇ ಹೆದರಿಸುವ ಈ ತಮಾಷೆ ಜನಪ್ರಿಯವಾಗಿ, ಬೇರೆ ಊರುಗಳ ಕಂಪನಿಗಳೂ ಇದೇ ಮಾದರಿಯನ್ನು ಕೇಳಿ ಮಾಡಿಸಿಕೊಂಡವು. ಸನ್ನಿವೇಶವನ್ನು ಹೇಗೆ ಮುಗಿಸಬೇಕೆಂದು ತೋಚದಿದ್ದರೆ ಏನನ್ನಾದರೂ ಸಿಡಿಸುವುದು ಇಲ್ಲವೇ ಒಂದು ಗೊಂಬೆ ಇನ್ನೊಂದನ್ನು ನುಂಗಿಬಿಡುವುದು ಎಂಬ ಹೆನ್ಸನ್ ತಂಡದ ರೂಢಿಯೂ ಈ ಕಾಲದ್ದೇ.

1958ರಲ್ಲಿ ಅವರು ಎಲ್ಲವನ್ನೂ ಬಿಟ್ಟು ಚಿತ್ರಕಾರನಾಗುವ ಯೋಚನೆಯಿಂದ ಯೂರೋಪಿಗೆ ಹೋದರು. ಅಲ್ಲಿ ಗೊಂಬೆಯಾಟವನ್ನು ದೊಡ್ಡವರೂ ಗಂಭೀರವಾಗಿ ನೋಡುವುದನ್ನು, ಅದಕ್ಕೆಂದೇ ಬದುಕು ಮೀಸಲಿಟ್ಟ ಕಲಾವಿದರಿರುವುದನ್ನು ಕಂಡು, ಮನಸ್ಸು ಬದಲಿಸಿ ಹಿಂತಿರುಗಿದರು. ಆಮೇಲಿನ ಕೆಲವೇ ವರ್ಷಗಳಲ್ಲಿ ತಂಡ ಕೂಡಿತು: ಬರಹಗಾರ ಜೆರ್ರಿ ಜೂಲ್, ಗೊಂಬೆ ಕಟ್ಟುವುದರಲ್ಲಿ ಅಸಾಧಾರಣ ಕೈಯಿದ್ದ ಡಾನ್ ಸಾಲಿನ್, ಮತ್ತು 1963ರಲ್ಲಿ, ಇನ್ನೂ ಇಪ್ಪತ್ತು ತುಂಬದ ಫ್ರಾಂಕ್ ಆಜ್. ಕಣ್ಣುಗಳೆರಡು ಮತ್ತು ಮೂಗು ಕೂಡಿ ಆಗುವ ತ್ರಿಕೋನವನ್ನು ಸರಿಯಾಗಿ ಕೂರಿಸಿದರೆ ಗೊಂಬೆ ನೋಡುಗನ ಕಡೆಗೇ ದೃಷ್ಟಿ ನೆಟ್ಟಂತೆ ಕಾಣುತ್ತದೆ ಎಂಬುದು ಸಾಲಿನ್ ಕಂಡುಕೊಂಡ ಲೆಕ್ಕ. ಗೊಂಬೆಯ ಉಳಿದೆಲ್ಲ ಕೆಲಸ ಮುಗಿದ ಮೇಲೆ ಕೊನೆಗೆ ಕಣ್ಣನ್ನು ಅಂಟಿಸುವಾಗ ಹೆನ್ಸನ್ ಎದುರಿಗಿರಬೇಕೆಂದು ಅವರು ಬಯಸುತ್ತಿದ್ದರು. ನಾಯಿ ಆಹಾರದ ಜಾಹೀರಾತಿಗಾಗಿ ಹುಟ್ಟಿದ ರೌಲ್ಫ್ ಎಂಬ ನಾಯಿ 1963ರಿಂದ 1966ರವರೆಗೆ ಗಾಯಕ ಜಿಮ್ಮಿ ಡೀನ್ ಅವರ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ವಾರವಾರವೂ ಕಾಣಿಸಿಕೊಂಡು, ದೇಶದಾದ್ಯಂತ ಪರಿಚಿತವಾದ ಮೊದಲ ಮಪೆಟ್ ಆಯಿತು. ಇದರ ನಡುವೆ ಹೆನ್ಸನ್ ಗೊಂಬೆಗಳೇ ಇಲ್ಲದ ‘ಟೈಮ್ ಪೀಸ್’ (1965) ಎಂಬ ಕಿರುಚಿತ್ರವನ್ನು ತೆಗೆದರು, ಅದು ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು.

‘ಸೆಸಮಿ ಸ್ಟ್ರೀಟ್’ 1969ರ ನವೆಂಬರ್ 10ರಂದು ಆರಂಭವಾಯಿತು. ಶಾಲೆಗೆ ಸೇರುವ ಮುನ್ನಿನ ಮಕ್ಕಳಿಗೆ, ವಿಶೇಷವಾಗಿ ಬಡ ಮಕ್ಕಳಿಗೆ, ಅಕ್ಷರ ಅಂಕಿಗಳನ್ನು ಟಿ.ವಿ.ಯ ಮೂಲಕ ಕಲಿಸಬೇಕೆಂದು ಜೋನ್ ಗ್ಯಾಂಜ್ ಕೂನಿ ಮುಂತಾದವರು ಕಟ್ಟಿದ ಸಂಸ್ಥೆಯ ಕಾರ್ಯಕ್ರಮವದು. ಬೀದಿಯೊಂದರಲ್ಲಿ ನಡೆಯುವ ಆ ಕಾರ್ಯಕ್ರಮದ ಗೊಂಬೆಗಳು ಹೆನ್ಸನ್ ತಂಡದವು. ಕಲ್ಪನೆಯನ್ನು ವಾಸ್ತವದೊಡನೆ ಬೆರೆಸಿದರೆ ಮಕ್ಕಳು ಗಲಿಬಿಲಿಗೊಳ್ಳುತ್ತಾರೆಂದು ಮನಶ್ಶಾಸ್ತ್ರಜ್ಞರು ಸಲಹೆ ಕೊಟ್ಟಿದ್ದರಿಂದ, ಮೊದಲು ಬೀದಿಯ ದೃಶ್ಯಗಳಲ್ಲಿ ಮನುಷ್ಯರು ಮಾತ್ರ, ಗೊಂಬೆಗಳು ಬೇರೆಡೆ ಎಂದು ಏರ್ಪಾಡಾಗಿತ್ತು. ಪ್ರಸಾರಕ್ಕೆ ಮೊದಲು ಮಕ್ಕಳಿಗೆ ತೋರಿಸಿ ಪರೀಕ್ಷಿಸಿದಾಗ, ಗೊಂಬೆ ಬಂದಾಗ ಕಣ್ಣರಳಿಸುವ ಮಕ್ಕಳು ಬೀದಿಯ ದೃಶ್ಯ ಬಂದೊಡನೆ ಅತ್ತಿತ್ತ ನೋಡತೊಡಗಿದರು. ಸಲಹೆಯನ್ನು ಬದಿಗಿಟ್ಟು, ಎಂಟಡಿ ಎತ್ತರದ ‘ಬಿಗ್ ಬರ್ಡ್’ ಎಂಬ ಹಳದಿ ಹಕ್ಕಿಯನ್ನೂ ಕಸದ ಡಬ್ಬಿಯಲ್ಲಿ ವಾಸಿಸುವ ಸಿಡುಕ ಆಸ್ಕರನನ್ನೂ ಬೀದಿಗೇ ತಂದರು. ಇವೆರಡನ್ನೂ ಆಡಿಸಿದವರು ಕ್ಯಾರಲ್ ಸ್ಪಿನಿ. ಹೆನ್ಸನ್ ಮತ್ತು ಆಜ್ ಆಡಿಸಿದ ಅರ್ನಿ ಮತ್ತು ಬರ್ಟ್ ಜೋಡಿಯಲ್ಲಿ ಹೆನ್ಸನ್ ಕಲೆಯ ಸಾರವೇ ಇದೆ: ಒಂದೇ ಮನೆಯಲ್ಲಿರುವ ಇಬ್ಬರು, ಒಬ್ಬನಿಗೆ ಎಲ್ಲವೂ ಆಟ, ಇನ್ನೊಬ್ಬನಿಗೆ ಎಲ್ಲದರಲ್ಲೂ ಅಚ್ಚುಕಟ್ಟು, ಪಾಠ ಎರಡು ನಿಮಿಷದಲ್ಲಿ ಮುಗಿದರೂ ಅವರ ಕೀಟಲೆ ಮುಗಿಯದು. ಭಾರತಕ್ಕೆ ಈ ಪರಂಪರೆ 2006ರಲ್ಲಿ ‘ಗಲಿ ಗಲಿ ಸಿಂ ಸಿಂ’ ಎಂಬ ಹಿಂದಿ ರೂಪದಲ್ಲಿ, ಶಾಲೆಯ ಸಮವಸ್ತ್ರ ತೊಟ್ಟ ಚಮ್ಕಿ ಎಂಬ ಹುಡುಗಿಯ ಗೊಂಬೆಯೊಡನೆ ಬಂದಿತು.

ಈ ಗೆಲುವಿಗೆ ಹೆನ್ಸನ್ ತೆತ್ತ ಬೆಲೆಯೂ ದೊಡ್ಡದೇ. ಅದುವರೆಗೆ ತಡರಾತ್ರಿಯ ಕಾರ್ಯಕ್ರಮಗಳಲ್ಲಿ ದೊಡ್ಡವರನ್ನು ನಗಿಸುತ್ತಿದ್ದ ಅವರು ಒಮ್ಮೆಗೇ ಮಕ್ಕಳ ಕಲಾವಿದರೆಂಬ ಖಾನೆಗೆ ಬಿದ್ದರು. ಆ ಮುದ್ರೆಯನ್ನು ಕಳಚಲು 1975ರಲ್ಲಿ ‘ಸ್ಯಾಟರ್‌ಡೇ ನೈಟ್ ಲೈವ್’ ಎಂಬ ಹೊಸ ವಿಡಂಬನೆಯ ಕಾರ್ಯಕ್ರಮದಲ್ಲಿ ವಿಚಿತ್ರ ಜೀವಿಗಳ ಕಿರುಪ್ರಹಸನಗಳನ್ನು ಆಡಿದರು. ಅಲ್ಲಿ ಬರೆಯುತ್ತಿದ್ದವರಿಗೆ ಗೊಂಬೆಗಳಿಗಾಗಿ ಬರೆಯುವ ಮನಸ್ಸಿರಲಿಲ್ಲ, ಪ್ರಯೋಗ ಒಂದೇ ಹಂಗಾಮಿನಲ್ಲಿ ನಿಂತಿತು. ಸಂಜೆಯ ಹೊತ್ತಿಗೆ ಗೊಂಬೆಗಳದೇ ಒಂದು ಕಾರ್ಯಕ್ರಮ ಬೇಕೆಂದು ಕೇಳಿಕೊಂಡಾಗ ಅಮೆರಿಕದ ಮೂರು ದೊಡ್ಡ ಟಿ.ವಿ. ಜಾಲಗಳೂ ಒಪ್ಪಲಿಲ್ಲ.

ಒಪ್ಪಿದವರು ಬ್ರಿಟನ್ನಿನ ನಿರ್ಮಾಪಕ ಲ್ಯೂ ಗ್ರೇಡ್. ಲಂಡನ್ ಬಳಿಯ ಎಲ್‌ಸ್ಟ್ರೀ ಸ್ಟುಡಿಯೊದಲ್ಲಿ, ಹಂಗಾಮಿಗೆ 24ರಂತೆ ಐದು ಹಂಗಾಮುಗಳಲ್ಲಿ ‘ದಿ ಮಪೆಟ್ ಷೋ’ದ 120 ಕಂತುಗಳು 1976ರಿಂದ 1981ರವರೆಗೆ ಮೂಡಿಬಂದು ನೂರಕ್ಕೂ ಹೆಚ್ಚು ದೇಶಗಳಿಗೆ ಮಾರಾಟವಾದವು. ಹಳೆಯ ನಾಟಕಶಾಲೆಯೊಂದರಲ್ಲಿ ಗೊಂಬೆಗಳ ಕಂಪನಿಯೊಂದು ವಾರವಾರ ಆಟ ಕಟ್ಟುವುದೇ ಅದರ ವಸ್ತು. ರಂಗದ ಮೇಲೆ ಹಾಡು, ಕುಣಿತ, ಹಾಸ್ಯ. ರಂಗದ ಹಿಂದೆ ಸಂಬಳದ ತಗಾದೆ, ಮುನಿಸು, ಮುರಿದುಬೀಳುವ ಸೀನರಿ. ಬಾಲ್ಕನಿಯಲ್ಲಿ ಕುಳಿತು ಎಲ್ಲವನ್ನೂ ಬೈಯುವ, ಆದರೂ ಒಂದು ವಾರವೂ ತಪ್ಪಿಸದ ಸ್ಟ್ಯಾಟ್ಲರ್ ಮತ್ತು ವಾಲ್ಡಾರ್ಫ್ ಎಂಬ ಇಬ್ಬರು ಮುದುಕರು. ಆಟ ಕೆಡದಂತೆ ನೋಡಿಕೊಳ್ಳಲು ಹೆಣಗುವ ಮ್ಯಾನೇಜರ್ ಕರ್ಮಿಟ್. ಸೆಟ್ಟುಗಳನ್ನು ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ್ದರಿಂದ ಆಟಗಾರರು ಕೆಳಗೆ ನಿಂತು, ಹಣೆಪಟ್ಟಿಗೆ ಮೈಕ್ ಸಿಕ್ಕಿಸಿಕೊಂಡು, ಕೈಯನ್ನು ಮೇಲೆತ್ತಿ ಗಂಟೆಗಟ್ಟಲೆ ಆಡಿಸಬೇಕಿತ್ತು. ದನಿ ಒಬ್ಬರದು, ತಲೆಯಾಡಿಸುವ ಕೈ ಇನ್ನೊಬ್ಬರದು ಎಂಬ ಪದ್ಧತಿ ಅಲ್ಲಿರಲಿಲ್ಲ. ಗೊಂಬೆಯ ತಲೆಯನ್ನು ಆಡಿಸಿದವನೇ ಅದರ ಮಾತನ್ನೂ ಆಡುತ್ತಿದ್ದುದರಿಂದ ಎದುರಾಳಿಯ ಮಾತಿಗೆ ಸ್ಥಳದಲ್ಲಿಯೇ ಉತ್ತರ ಹುಟ್ಟುತ್ತಿತ್ತು.

ಪ್ರತಿ ಕಂತಿಗೂ ಒಬ್ಬ ಪ್ರಸಿದ್ಧ ಅತಿಥಿ ಬೇಕಿತ್ತು, ಆದರೆ ಗೊಂಬೆಗಳೊಡನೆ ನಟಿಸಲು ಮೊದಲು ಅನೇಕರು ಹಿಂದೆಮುಂದೆ ನೋಡಿದರು. ಜಗತ್ಪ್ರಸಿದ್ಧ ಬ್ಯಾಲೆ ನರ್ತಕ ರುಡಾಲ್ಫ್ ನುರೆಯೆವ್ ಬಂದು, ‘ಸ್ವಾನ್ ಲೇಕ್’ ಬ್ಯಾಲೆಯನ್ನು ಅಣಕಿಸುವ ದೃಶ್ಯದಲ್ಲಿ ಮನುಷ್ಯನೊಬ್ಬ ಒಳಗಿದ್ದ ದಢೂತಿ ಹಂದಿಯೊಡನೆ, ತಮ್ಮ ಎಂದಿನ ಶಿಸ್ತಿನಲ್ಲಿಯೇ ಕುಣಿದ ಮೇಲೆ ಆ ಹಿಂಜರಿಕೆ ಕರಗಿತು. ಇಲ್ಲಿ ಗಮನಿಸಬೇಕಾದದ್ದು ಅಣಕದ ಬಗೆ: ನುರೆಯೆವ್ ಒಮ್ಮೆಯೂ ನಕ್ಕು ಕೆಡಿಸುವುದಿಲ್ಲ, ಹೆಜ್ಜೆ ತಪ್ಪಿಸುವುದಿಲ್ಲ, ನೃತ್ಯ ಅಪ್ಪಟವಾಗಿರುವುದರಿಂದಲೇ ಹಾಸ್ಯ ತೀಕ್ಷ್ಣವಾಗುತ್ತದೆ. ಬಾಲ್ಯದಲ್ಲಿ ಹೆನ್ಸನ್ ಕಿವಿಗೊಟ್ಟು ಕೇಳಿದ್ದ ಎಡ್ಗರ್ ಬರ್ಗನ್ ಕೂಡ ಅತಿಥಿಯಾಗಿ ಬಂದರು.

ಮಪೆಟ್‌ಗಳ ಜೀವಾಳ ಹೆನ್ಸನ್ ಮತ್ತು ಆಜ್ ಅವರ ಜೋಡಿಯೇ ಎನ್ನಬೇಕು. ಕರ್ಮಿಟ್ ಹೆನ್ಸನ್ನರ ಕೈಯಲ್ಲಿದ್ದರೆ, ಚೆನ್ನಾಗಿ ಹಾಸ್ಯ ಮಾಡಬೇಕೆಂಬ ಆಸೆಯಿದ್ದರೂ ಎಂದೂ ಸಾಧಿಸದ ಫಾಜಿ ಕರಡಿ, ಮಿಸ್ ಪಿಗ್ಗಿ ಎಂಬ ಹಂದಿ ಸುಂದರಿ, ಇವು ಆಜ್ ಅವರ ಪಾತ್ರಗಳು. ಗುಂಪಿನಲ್ಲೊಂದು ಹಂದಿಯಾಗಿದ್ದ ಪಿಗ್ಗಿ ನಾಯಕಿಯಾದದ್ದು ಆಜ್ ಅವರ ಒಂದು ಕೈಚಳಕದಿಂದ: ತಾಲೀಮಿನಲ್ಲಿ ಕೆನ್ನೆಗೆ ಬಾರಿಸಬೇಕಾದಲ್ಲಿ ಅವರು ಕರಾಟೆ ಏಟನ್ನು ಕೊಟ್ಟರು, ಎಲ್ಲರೂ ನಕ್ಕರು, ಆ ಏಟಿನಿಂದ ಒಂದು ಸ್ವಭಾವವೇ ಬೆಳೆಯಿತು. ತಾರೆಯಾಗಲೇಬೇಕೆಂಬ ಹಟ, ಒಲವಿನ ನಡುವೆಯೇ ಸಿಡಿಯುವ ಸಿಟ್ಟು, ಇವುಗಳ ಎದುರು ಕರ್ಮಿಟ್‌ನ ತಾಳ್ಮೆ ಇಟ್ಟಾಗ ಸಂಭಾಷಣೆ ತಾನಾಗಿ ನಡೆಯಿತು. ಕೆಲಸದ ಜಾಗದಲ್ಲಿ ಮೆಲುದನಿಯ, ಗದರಿಸದ ಯಜಮಾನರಾಗಿದ್ದ ಹೆನ್ಸನ್ನರಿಗೆ ಕರ್ಮಿಟ್ ಹತ್ತಿರದವನಾಗಿದ್ದುದು ಸಹಜವೇ.

‘ದಿ ಮಪೆಟ್ ಮೂವಿ’ (1979) ಗೊಂಬೆಗಳನ್ನು ಸ್ಟುಡಿಯೊದಿಂದ ಬಯಲಿಗೆ ತಂದಿತು. ಆರಂಭದ ದೃಶ್ಯದಲ್ಲಿ ಕರ್ಮಿಟ್ ಜೌಗಿನ ನಡುವೆ ಮರದ ದಿಮ್ಮಿಯ ಮೇಲೆ ಕುಳಿತು ಬ್ಯಾಂಜೊ ನುಡಿಸುತ್ತಾನೆ. ಅದಕ್ಕಾಗಿ ಹೆನ್ಸನ್ ನೀರಿನಡಿಯಲ್ಲಿ ಮುಳುಗಿಸಿದ ಕಬ್ಬಿಣದ ತೊಟ್ಟಿಯೊಳಗೆ ಮೈ ಮುದುರಿ ಕುಳಿತು, ಕೊಳವೆಯ ಗಾಳಿ ಉಸಿರಾಡುತ್ತ, ಪಕ್ಕದ ಮಾನಿಟರ್ ನೋಡುತ್ತ, ರಬ್ಬರ್ ತೋಳಿನ ಮೂಲಕ ಕೈಯನ್ನು ಮಾತ್ರ ಮೇಲೆ ಚಾಚಿದ್ದರು. ಚಿತ್ರ ಗೆದ್ದಿತು. ಅಲ್ಲಿಂದಾಚೆ ಅವರ ಆಸೆ ಹಾಸ್ಯವನ್ನು ದಾಟಿ ಹೋಯಿತು. ಮನುಷ್ಯ ಪಾತ್ರವೇ ಇಲ್ಲದ ‘ದಿ ಡಾರ್ಕ್ ಕ್ರಿಸ್ಟಲ್’ (1982), ಗಾಯಕ ಡೇವಿಡ್ ಬೋವಿ ನಟಿಸಿದ ‘ಲ್ಯಾಬಿರಿಂತ್’ (1986) ಎರಡೂ ತಾಂತ್ರಿಕವಾಗಿ ಅದ್ಭುತಗಳು. ತಂತಿ, ಮೋಟರುಗಳಿಂದ ಹುಬ್ಬು ತುಟಿಗಳನ್ನು ಪ್ರತ್ಯೇಕವಾಗಿ ಅಲುಗಿಸುವ ಗೊಂಬೆಗಳನ್ನು ಕಟ್ಟಲು ಲಂಡನ್ನಿನಲ್ಲಿ ಅವರದೇ ಕಾರ್ಯಾಗಾರವಿತ್ತು. ಸುಮಾರು 2.5 ಕೋಟಿ ಡಾಲರ್ ವೆಚ್ಚದ ‘ಲ್ಯಾಬಿರಿಂತ್’ ಅಮೆರಿಕದಲ್ಲಿ ಅದರ ಅರ್ಧದಷ್ಟನ್ನು ಮಾತ್ರ ಗಳಿಸಿ ಅವರನ್ನು ಬಹಳ ನೋಯಿಸಿತು. ಆ ಚಿತ್ರಗಳಿಗೆ ಆಮೇಲೆ ಅಭಿಮಾನಿಗಳು ಹುಟ್ಟಿಕೊಂಡದ್ದು ನಿಜ. ಆದರೆ ಒಂದು ಪಾತ್ರಕ್ಕೆ ನಾಲ್ಕೈದು ಜನ ಸೇರಿ ಕಣ್ಣು, ಹುಬ್ಬು, ತುಟಿಗಳನ್ನು ಹಂಚಿಕೊಂಡಾಗ ಮುಖ ಸಂಕೀರ್ಣವಾಯಿತೇ ಹೊರತು, ಒಂದೇ ಕೈಯಿಂದ ಹುಟ್ಟುತ್ತಿದ್ದ ಆ ದಿಢೀರ್ ಪ್ರತ್ಯುತ್ತರ, ಆ ಹುರುಪು ಉಳಿಯಲಿಲ್ಲ. ಹಸಿರು ಬಟ್ಟೆಯ ಚೀಲವೊಂದು ಕೊಟ್ಟ ಭಾವವನ್ನು ಯಂತ್ರಗಳು ಕೊಡಲಾರದೆ ಹೋದವು.

ಹೆನ್ಸನ್ ಗಳಿಸಿದ್ದನ್ನು ಗೊಂಬೆಯಾಟಕ್ಕೇ ಮರಳಿಸಿದರು ಎಂಬುದನ್ನೂ ದಾಖಲಿಸಬೇಕು. ಹೊಸ ಗೊಂಬೆಯಾಟಗಳಿಗೆ ಧನಸಹಾಯ ನೀಡುವ ಪ್ರತಿಷ್ಠಾನವನ್ನು 1982ರಲ್ಲಿ ಸ್ಥಾಪಿಸಿದರು. ರಷ್ಯಾದ ಸೆರ್ಗೈ ಒಬ್ರಜ್ತ್ಸೊವ್ ಮೊದಲಾಗಿ ಬೇರೆ ಬೇರೆ ದೇಶಗಳ ಆರು ಮಂದಿ ಕಲಾವಿದರನ್ನು ಪರಿಚಯಿಸುವ ಸಾಕ್ಷ್ಯಚಿತ್ರ ಮಾಲೆಯನ್ನು ಮಾಡಿದರು. 1989ರಲ್ಲಿ ತಮ್ಮ ಕಂಪನಿಯನ್ನು ಡಿಸ್ನಿಗೆ ವಹಿಸಿ, ವ್ಯವಹಾರದ ಹೊರೆಯಿಲ್ಲದೆ ಸೃಜನೆಗೆ ಮರಳುವ ಒಪ್ಪಂದದ ಮಾತುಕತೆ ನಡೆದಿತ್ತು. ಅದು ಮುಗಿಯುವುದರೊಳಗೆ, ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಮೈಯೆಲ್ಲ ವ್ಯಾಪಿಸಿ, 1990ರ ಮೇ 16ರಂದು ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ವಯಸ್ಸು 53. ನ್ಯೂಯಾರ್ಕಿನ ಸೇಂಟ್ ಜಾನ್ ಕೆಥೆಡ್ರಲ್‌ನಲ್ಲಿ ನಡೆದ ಸ್ಮರಣೆಗೆ, ಅವರ ಅಪೇಕ್ಷೆಯಂತೆ, ಯಾರೂ ಶೋಕದ ಕಪ್ಪುಬಟ್ಟೆ ತೊಟ್ಟು ಬರಲಿಲ್ಲ. ಜಾಜ್ ವಾದ್ಯಗೋಷ್ಠಿ ನುಡಿಯಿತು.

ಕರ್ಮಿಟ್ ಆಮೇಲೂ ಮುಂದುವರಿದ. ಮೊದಲು ಸ್ಟೀವ್ ವಿಟ್‌ಮೈರ್, 2017ರಿಂದ ಮ್ಯಾಟ್ ವೋಗೆಲ್ ಅವನಿಗೆ ಕೈಯನ್ನೂ ದನಿಯನ್ನೂ ಕೊಟ್ಟಿದ್ದಾರೆ. ಮಪೆಟ್‌ಗಳು 2004ರಲ್ಲಿ ಡಿಸ್ನಿಯ ಪಾಲಾದವು. ತಾಯಿಯ ಕೋಟಿನಿಂದ ಹೊಲಿದ ಮೊದಲ ಗೊಂಬೆ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಹೆನ್ಸನ್ನರ ಕಲೆಯನ್ನು ಹೊಸದಾಗಿ ಅರಿಯಬಯಸುವ ಓದುಗರು ಅವರ ಅದ್ದೂರಿ ಚಿತ್ರಗಳಿಂದ ಆರಂಭಿಸುವುದು ಬೇಡ. ಅರ್ನಿ ಮತ್ತು ಬರ್ಟ್ ಮಾತಿಗೆ ಕುಳಿತ ಎರಡು ನಿಮಿಷಗಳನ್ನು, ಇಲ್ಲವೇ ನುರೆಯೆವ್ ಅತಿಥಿಯಾಗಿದ್ದ ಕಂತನ್ನು, ಮನೆಯ ಮಕ್ಕಳನ್ನೂ ಹಿರಿಯರನ್ನೂ ಒಟ್ಟಿಗೆ ಕೂರಿಸಿಕೊಂಡು ನೋಡಲಿ. ಹೆನ್ಸನ್ ಬಯಸಿದ್ದ ಪ್ರೇಕ್ಷಕವರ್ಗ ಅದೇ.